ಭೋಪಾಲದ ತಾಜ್-ಉಲ್-ಮಸಾಜಿದ್ ನೋಡುವ ಬಗೆ

ಭೋಪಾಲ್ ಜಂಕ್ಷನ್ನಿನಲ್ಲಿ ಇಳಿದು ಆಟೋದವನಿಗೆ ‘ತಾಜ್’ ಎಂದಷ್ಟೇ ಹೇಳಬೇಡಿ. ನಾನು ಹಾಗೆ ಹೇಳಿ, ಶಾಹಜಹಾನಾಬಾದ್ ಬಡಾವಣೆಯಲ್ಲಿ ಒಂದು ಪಾಳು ಅರಮನೆಯ ಹೆಬ್ಬಾಗಿಲಿನ ಮುಂದೆ ಇಳಿದವನು. ಅದು ತಾಜ್ ಮಹಲ್ ಹೌದು, ಆದರೆ ಆಗ್ರಾದ್ದಲ್ಲ, ಭೋಪಾಲದ್ದು. ನನಗೆ ಬೇಕಾಗಿದ್ದ ಮಸೀದಿಯ ಮಿನಾರುಗಳು ಅಲ್ಲಿಂದಲೇ ಕಾಣುತ್ತಿದ್ದುದರಿಂದ ಹೆಚ್ಚಿನ ನಷ್ಟವೇನೂ ಆಗಲಿಲ್ಲ. ಎರಡನ್ನೂ ಕಟ್ಟಿಸಿದವಳು ಭೋಪಾಲವನ್ನು ಆಳಿದ ಶಾಹಜಹಾನ್ ಬೇಗಂ ಎಂಬ ಒಬ್ಬಳೇ ಹೆಂಗಸೆಂಬುದು ಗೊತ್ತಾದ ಮೇಲೆ ದಾರಿ ತಪ್ಪಿದ್ದೇ ಒಳ್ಳೆಯದಾಯಿತೆನ್ನಿಸಿತು. ಮಸೀದಿಯ ಹೆಸರನ್ನು ಪೂರ್ತಿಯಾಗಿ ‘ತಾಜ್-ಉಲ್-ಮಸಾಜಿದ್’ ಎಂದು ಹೇಳಬೇಕು. ತಾಜ್ ಎಂದರೆ ಕಿರೀಟ, ಮಸಾಜಿದ್ ಎಂಬುದು ಮಸ್ಜಿದ್ ಶಬ್ದದ ಬಹುವಚನ. ಮಸೀದಿಗಳ ಕಿರೀಟ ಎಂದರ್ಥ. ‘ತಾಜ್-ಉಲ್-ಮಸ್ಜಿದ್’ ಎಂಬ ರೂಪವೂ ಊರಿನಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ, ಆದರೆ ಕಟ್ಟಿಸಿದವಳ ಮನಸ್ಸಿನಲ್ಲಿದ್ದುದು ಬಹುವಚನವೇ.

ಈ ಮಸೀದಿಯನ್ನು ನೋಡಲು ಒಂದು ಸಂಜೆ ಮತ್ತು ಮರುದಿನದ ಒಂದು ಬೆಳಗನ್ನು ಇಟ್ಟುಕೊಳ್ಳಿ. ಒಂದೇ ಗಂಟೆಯಲ್ಲಿ ನೋಡಿ ಮುಗಿಸುವವರು ಬಹಳ ಮಂದಿ. ಅವರು ದೊಡ್ಡ ಕಟ್ಟಡವೊಂದನ್ನು ನೋಡಿ ಬರುತ್ತಾರೆ, ಅಷ್ಟೇ. ಮೊದಲ ಸಂಜೆಯನ್ನು ಹಳೆಯ ಊರಿನ ಎರಡು ಚಿಕ್ಕ ಮಸೀದಿಗಳಿಗೆ ಕೊಡಬೇಕೆಂಬುದು ನನ್ನ ಸಲಹೆ, ಏಕೆಂದರೆ ಅವುಗಳಲ್ಲಿ ಒಂದನ್ನು ಕಟ್ಟಿಸಿದವಳು ಶಾಹಜಹಾನ್ ಬೇಗಮಳ ಅಜ್ಜಿ, ಇನ್ನೊಂದನ್ನು ಕಟ್ಟಿಸಿದವಳು ಆಕೆಯ ತಾಯಿ. ಮೊಮ್ಮಗಳು ಏನನ್ನು ಮೀರಿಸಲು ಹೊರಟಿದ್ದಳೆಂಬುದು ಆ ಎರಡನ್ನು ಕಂಡ ಕಣ್ಣಿಗೆ ಮಾತ್ರ ತಿಳಿಯುತ್ತದೆ. ಬೆಂಗಳೂರು, ರಾಯಚೂರು, ಕಲಬುರಗಿಯ ಕಡೆಯವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ನೇರವಾಗಿ ಭೋಪಾಲ್ ಜಂಕ್ಷನ್ನಿಗೇ ಒಯ್ಯುತ್ತದೆ, ಹಳೆಯ ಊರು ಆ ನಿಲ್ದಾಣಕ್ಕೆ ಹತ್ತಿರ. ಶುಕ್ರವಾರವನ್ನು ಮಾತ್ರ ಬಿಟ್ಟುಬಿಡಿ. ಅಂದು ಮುಸ್ಲಿಮೇತರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಮೊದಲ ಬಾರಿ ಹೋದಾಗ ಇದನ್ನು ವಿಚಾರಿಸದೆ ಹೋಗಿ ಬಾಗಿಲಿನಿಂದಲೇ ಹಿಂದಿರುಗಿದ್ದೆ. ತೋಳು ಮತ್ತು ಕಾಲು ಪೂರ್ತಿ ಮುಚ್ಚುವ ಬಟ್ಟೆ, ತಲೆಗೆ ಹೊದೆಯಲು ಒಂದು ದುಪಟ್ಟ ಅಥವಾ ಕರವಸ್ತ್ರ, ಬೇಸಿಗೆಯಾದರೆ ಒಂದು ಜೊತೆ ಕಾಲುಚೀಲ ಇಷ್ಟು ಸಾಕು. ಕಾಲುಚೀಲದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಾದರಕ್ಷೆಯನ್ನು ಹೊರಗೆ ಬಿಟ್ಟು, ಮೇ ತಿಂಗಳ ಬಿಸಿಲಿನಲ್ಲಿ ಆ ವಿಶಾಲವಾದ ಕಲ್ಲಿನ ಅಂಗಳವನ್ನು ದಾಟುವಾಗ ಅದರ ಬೆಲೆ ಗೊತ್ತಾಗುತ್ತದೆ.

ಹೊರಡುವ ಮುನ್ನ ಇತಿಹಾಸದ ಇಷ್ಟು ಎಳೆ ತಲೆಯಲ್ಲಿರಲಿ. ಭೋಪಾಲ ಸಂಸ್ಥಾನವನ್ನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸ್ಥಾಪಿಸಿದವನು ದೋಸ್ತ್ ಮೊಹಮ್ಮದ್ ಖಾನ್ ಎಂಬ ಅಫ್ಘನ್ ಸಿಪಾಯಿ. ಅವನ ವಂಶದ ನವಾಬ ನಜರ್ ಮೊಹಮ್ಮದ್ ಖಾನ್ 1819ರಲ್ಲಿ ಪಿಸ್ತೂಲಿನ ಗುಂಡು ತಗುಲಿ ಸತ್ತಾಗ, ಇನ್ನೂ ಹರೆಯದಲ್ಲಿದ್ದ ಅವನ ಹೆಂಡತಿ ಕುದ್ಸಿಯಾ ಬೇಗಂ, ಕೈಗೂಸಾಗಿದ್ದ ಮಗಳು ಸಿಕಂದರಳನ್ನು ಉತ್ತರಾಧಿಕಾರಿಯೆಂದು ಘೋಷಿಸಿ, ಅವಳ ಪರವಾಗಿ ತಾನೇ ಆಡಳಿತಕ್ಕೆ ಕುಳಿತಳು. ಅಲ್ಲಿಂದ 1926ರವರೆಗೆ, ಕುದ್ಸಿಯಾ, ಸಿಕಂದರ್, ಶಾಹಜಹಾನ್, ಸುಲ್ತಾನ್ ಜಹಾನ್ ಎಂಬ ನಾಲ್ಕು ತಲೆಮಾರಿನ ಹೆಂಗಸರು ತಾಯಿಯಿಂದ ಮಗಳಿಗೆ ಎಂಬಂತೆ ಭೋಪಾಲವನ್ನು ಆಳಿದರು. ನಡುವೆ 1837ರಿಂದ 1844ರವರೆಗೆ ಮಾತ್ರ ಸಿಕಂದರಳ ಗಂಡನ ಕೈಯಲ್ಲಿ ಅಧಿಕಾರವಿತ್ತು. ಗಂಡುಮಕ್ಕಳಿಲ್ಲದ ಮನೆಗಳು ದತ್ತು ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ, ಈ ಮನೆಯಲ್ಲಿ ಹೆಣ್ಣುಮಕ್ಕಳೇ ಗಾದಿಗೆ ಬಂದರು.

ಸಂಜೆಯ ನಡಿಗೆಯನ್ನು ಚೌಕ ಬಜಾರಿನಿಂದ ಆರಂಭಿಸಿ. ಕುದ್ಸಿಯಾ ಬೇಗಂ 1830ರ ದಶಕದಲ್ಲಿ ಕಟ್ಟಿಸತೊಡಗಿದ ಜಾಮಾ ಮಸೀದಿ ಬಜಾರಿನ ಹೊಟ್ಟೆಯೊಳಗೇ ನಿಂತಿದೆ. ಅದರ ಎತ್ತರದ ಜಗತಿಯ ಸುತ್ತ ಅಂಗಡಿಗಳು ಒತ್ತಾಗಿ ಸೇರಿಕೊಂಡಿರುವುದರಿಂದ ಮಸೀದಿಯನ್ನು ಹುಡುಕಬೇಕಾದರೆ ತಲೆಯೆತ್ತಿ, ಚಿನ್ನದ ಕಳಶವಿರುವ ಮಿನಾರುಗಳ ಗುರುತು ಹಿಡಿಯಬೇಕು. ಕೆಳಗೆ ಜರಿ ಕೆಲಸದ ಬಟುವೆಗಳನ್ನು ಮಾರುವವರ ಕೂಗಾಟ, ಮೇಲೆ ನಾಲ್ಕು ಮೆಟ್ಟಿಲು ಹತ್ತಿದೊಡನೆ ನಮಾಜಿನ ಮೌನ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದೇ: ಅಜ್ಜಿಯ ಮಸೀದಿ ಊರಿನ ನಡುವೆ ಜಾಗ ಮಾಡಿಕೊಂಡು ನಿಂತ ಮಸೀದಿ. ಅದಕ್ಕೆ ಹಿಂದೆ ಸರಿದು ನಿಂತು ನೋಡುವ ಬಯಲಿಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮೋತಿ ಮಸೀದಿಯಿದೆ. ಇದು ಸಿಕಂದರ್ ಬೇಗಮಳದು, 1860ರ ಹೊತ್ತಿನದು. ಬಿಳಿಯ ಅಮೃತಶಿಲೆಯ ಮುಖ, ಕಡುಗೆಂಪು ಮಿನಾರುಗಳು; ದೆಹಲಿಯ ಜಾಮಾ ಮಸೀದಿಯನ್ನು ನೋಡಿದವರಿಗೆ ಅದನ್ನೇ ಚಿಕ್ಕದು ಮಾಡಿ ಇಟ್ಟಂತೆ ಕಾಣುತ್ತದೆ. ಈ ಹೋಲಿಕೆ ಆಕಸ್ಮಿಕವಲ್ಲ. 1857ರ ದಂಗೆಯ ನಂತರ ಬ್ರಿಟಿಷರು ಮುಚ್ಚಿಸಿದ್ದ ದೆಹಲಿಯ ಆ ಮಸೀದಿ ಮತ್ತೆ ನಮಾಜಿಗೆ ತೆರೆದುಕೊಂಡದ್ದರಲ್ಲಿ ತಮ್ಮ ಸಿಕಂದರ್ ಬೇಗಮಳ ಕೈಯಿತ್ತೆಂದು ಭೋಪಾಲದವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ದಂಗೆಯ ಕಾಲದಲ್ಲಿ ಆಕೆ ಬ್ರಿಟಿಷರ ಪಕ್ಷ ವಹಿಸಿದ್ದಳು. ಆ ಮಾತು ನಡೆದುದಕ್ಕೆ ಅದೂ ಕಾರಣವಿರಬೇಕು. ಪರದೆಯ ಹಂಗು ಆಕೆಗೆ ಇರಲಿಲ್ಲ, ಕುದುರೆ ಏರಿ ಸಂಸ್ಥಾನವನ್ನು ಸುತ್ತುತ್ತಿದ್ದಳು, 1863–64ರಲ್ಲಿ ಮೆಕ್ಕಾ ಯಾತ್ರೆ ಮಾಡಿ ಬಂದಳು. ಮೋತಿ ಮಸೀದಿಯ ಮುಂದೆ ಹತ್ತು ನಿಮಿಷ ನಿಂತು ಅದರ ಮಿನಾರು, ಅಂಗಳ, ಎದುರಿನ ಕಮಾನುಗಳ ಪ್ರಮಾಣವನ್ನು ಕಣ್ಣಳತೆಯಲ್ಲಿ ತುಂಬಿಕೊಳ್ಳಿ. ಮರುದಿನ ಬೆಳಿಗ್ಗೆ ಅದು ಬೇಕಾಗುತ್ತದೆ. ಆಮೇಲೆ ಹಳೆಯ ಊರಿನ ಯಾವುದಾದರೂ ಅಂಗಡಿಯಲ್ಲಿ ಉಪ್ಪು ಬೆರೆಸಿದ ಸುಲೈಮಾನಿ ಚಹಾ ಕುಡಿಯಬಹುದು. ನಮ್ಮ ನಾಲಿಗೆಗೆ ಮೊದಲ ಗುಟುಕು ವಿಚಿತ್ರವೇ, ಮೂರನೆಯದಕ್ಕೆ ಹೊಂದಿಕೊಳ್ಳುತ್ತದೆ.

ಶಾಹಜಹಾನ್ ಬೇಗಂ ಹುಟ್ಟಿದ್ದು 1838ರಲ್ಲಿ, ಭೋಪಾಲದ ಹತ್ತಿರದ ಇಸ್ಲಾಮ್‌ನಗರದಲ್ಲಿ. ಬಾಲ್ಯದಲ್ಲೇ 1844ರಲ್ಲಿ ಹೆಸರಿಗೆ ಗಾದಿ ಬಂತು, ಆಡಳಿತ ತಾಯಿಯ ಕೈಯಲ್ಲಿತ್ತು. 1860ರಲ್ಲಿ ತಾಯಿಗೇ ಗಾದಿಯನ್ನು ಬಿಟ್ಟುಕೊಟ್ಟು, ಆಕೆ ತೀರಿಕೊಂಡ ಮೇಲೆ 1868ರಲ್ಲಿ ಮತ್ತೆ ಏರಿದಳು. ಮೊದಲ ಗಂಡ ತೀರಿಕೊಂಡಿದ್ದ. 1871ರಲ್ಲಿ ಸಿದ್ದೀಕ್ ಹಸನ್ ಖಾನ್ ಎಂಬ ವಿದ್ವಾಂಸನನ್ನು ಮದುವೆಯಾದಳು, ಅಲ್ಲಿಂದ ಪರದೆಯೊಳಗಿದ್ದೇ ರಾಜ್ಯಭಾರ ನಡೆಸಿದಳು. 1885ರಲ್ಲಿ ಬ್ರಿಟಿಷರು ಅವನ ಬಿರುದುಗಳನ್ನು ಕಿತ್ತುಕೊಂಡರು. ಒಬ್ಬಳೇ ಉಳಿದಿದ್ದ ಮಗಳು ಸುಲ್ತಾನ್ ಜಹಾನಳೊಂದಿಗೆ ತಾಯಿಗೆ ವರ್ಷಗಟ್ಟಲೆ ಮಾತುಕತೆಯಿರಲಿಲ್ಲ. ಶಾಹಜಹಾನ್ ಬೇಗಂ ‘ಶೀರೀನ್’, ‘ತಾಜ್‌ವರ್’ ಎಂಬ ಕಾವ್ಯನಾಮಗಳಲ್ಲಿ ಕವಿತೆ ಬರೆದಳು. ಹೆಂಗಸರಿಗೆಂದು ಮನೆವಾರ್ತೆಯ ದೊಡ್ಡ ಕೈಪಿಡಿಯೊಂದನ್ನು ಉರ್ದುವಿನಲ್ಲಿ ರಚಿಸಿದಳು. ‘ತಾಜ್‌ವರ್’ ಎಂದರೆ ಕಿರೀಟ ಧರಿಸಿದವರು. ಅರಮನೆಯ ಹೆಸರಿನಲ್ಲಿ ತಾಜ್, ಮಸೀದಿಯ ಹೆಸರಿನಲ್ಲಿ ತಾಜ್, ಕವಿತೆಯ ಅಂಕಿತದಲ್ಲೂ ತಾಜ್. ಈ ಶಬ್ದದ ಮೇಲೆ ಆಕೆಗೆ ವಿಪರೀತ ಮೋಹವಿತ್ತು. ದೆಹಲಿಯ ಜಾಮಾ ಮಸೀದಿಯನ್ನೂ ಆಗ್ರಾದ ತಾಜ್ ಮಹಲನ್ನೂ ಕಟ್ಟಿಸಿದ ಚಕ್ರವರ್ತಿಯ ಹೆಸರು ತನ್ನದೂ ಆಗಿರುವಾಗ, ಅವನೊಂದಿಗೆ ಕಲ್ಲಿನಲ್ಲಿ ಪೈಪೋಟಿ ನಡೆಸುವ ಆಸೆ ಹುಟ್ಟಿದ್ದರೆ ಆಶ್ಚರ್ಯವೇನೂ ಇಲ್ಲ.

ಮರುದಿನ ತಾಜ್-ಉಲ್-ಮಸಾಜಿದಿಗೆ ಬೆಳಿಗ್ಗೆಯೇ ಹೋಗಬೇಕು. ಇದಕ್ಕೆ ಎರಡು ಕಾರಣಗಳಿವೆ. ನಮ್ಮ ದೇಶದಲ್ಲಿ ನಮಾಜು ಮಾಡುವವರು ಪಶ್ಚಿಮಕ್ಕೆ ಮುಖ ಮಾಡುವುದರಿಂದ ಮಸೀದಿಯ ಪ್ರಾರ್ಥನಾ ಮಂದಿರ ಅಂಗಳದ ಪಶ್ಚಿಮಕ್ಕಿದ್ದು, ಅದರ ಮುಖ ಪೂರ್ವಕ್ಕಿರುತ್ತದೆ; ಆದ್ದರಿಂದ ಏರುಬಿಸಿಲು ನೇರವಾಗಿ ಆ ಗುಲಾಬಿ ಬಣ್ಣದ ಮುಖದ ಮೇಲೆ ಬೀಳುತ್ತದೆ. ಮಧ್ಯಾಹ್ನದ ನಂತರ ಬಿಸಿಲು ಹಿಂಬದಿಗೆ ಸರಿದು ಎದುರಿನ ಭಾಗವೆಲ್ಲ ನೆರಳಿಗೆ ಬೀಳುತ್ತದೆ, ಫೋಟೋದಲ್ಲಿ ಬರಿಯ ಕಪ್ಪು ಆಕೃತಿ ಉಳಿಯುತ್ತದೆ. ಎರಡನೆಯದಾಗಿ, ಸೂರ್ಯೋದಯಕ್ಕೆ ಮೊದಲಿನ ಫಜ್ರ್ ನಮಾಜು ಮುಗಿದ ಮೇಲೆ ಮಧ್ಯಾಹ್ನದ ಜುಹರ್ ತನಕ ಸಾಮೂಹಿಕ ನಮಾಜು ಇರುವುದಿಲ್ಲ. ಎಂಟರಿಂದ ಹನ್ನೊಂದರವರೆಗೆ ನೀವು ನಿಧಾನವಾಗಿ ಅಡ್ಡಾಡಿದರೂ ಯಾರ ಆರಾಧನೆಗೂ ಅಡ್ಡಿಯಾಗದು.

ಎರಡು ಅಂತಸ್ತಿನ ಹೆಬ್ಬಾಗಿಲನ್ನು ದಾಟಿ ಒಳಗೆ ಬಂದೊಡನೆ ಮುಂದೆ ನುಗ್ಗಬೇಡಿ, ಹೊಸ್ತಿಲಿನ ಹತ್ತಿರವೇ ನಿಲ್ಲಿ. ಅಜ್ಜಿಯ ಮಸೀದಿಗೆ ಇಲ್ಲದಿದ್ದ ಬಯಲು ಇಲ್ಲಿದೆ. ಕಲಬುರಗಿಯ ಕೋಟೆಯೊಳಗಿನ ಜಾಮಾ ಮಸೀದಿಯನ್ನು ನೋಡಿದವರಿಗೆ ಇಲ್ಲಿನ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ: 1367ರ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡಿಯ ಕಟ್ಟಡ ಚಾವಣಿಯ ಕೆಳಗಿದೆ, ಇಲ್ಲಿ ಅಂಗಳವೇ ಮಸೀದಿಯ ದೊಡ್ಡ ಪಾಲು. ನಡುವೆ ಇರುವ ನೀರಿನ ಹೌಜು ವಜೂ ಮಾಡುವುದಕ್ಕೆ, ಅಂದರೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವುದಕ್ಕೆ. ಅದರ ಅಂಚಿನಲ್ಲಿ ನಿಂತು ನೋಡಿದರೆ ಎದುರಿನ ಮೂರು ಗುಮ್ಮಟಗಳು, ಎರಡು ಬದಿಯ ಎಂಟು ಮೂಲೆಯ ಮಿನಾರುಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಮಿನಾರುಗಳು ಹದಿನೆಂಟು ಅಂತಸ್ತಿನವು, ನೆತ್ತಿಯಲ್ಲಿ ಬಿಳಿಯ ಗುಮ್ಮಟವಿದೆ. ಈಗ ನಿನ್ನೆ ಸಂಜೆಯ ಮೋತಿ ಮಸೀದಿಯ ಅಳತೆಯನ್ನು ನೆನಪಿಗೆ ತಂದುಕೊಳ್ಳಿ. ಮಾದರಿ ದೆಹಲಿಯದೇ, ವಿನ್ಯಾಸ ಹೆಚ್ಚುಕಡಿಮೆ ಅದೇ, ಆದರೆ ತಾಯಿ ಕುಗ್ಗಿಸಿ ಕಟ್ಟಿದ್ದನ್ನು ಮಗಳು ಹಿಗ್ಗಿಸಿದ್ದಾಳೆ. ಇದು ಭಾರತದ ಅತಿ ದೊಡ್ಡ ಮಸೀದಿಯೋ ಅಲ್ಲವೋ ಎಂಬ ವಾದಕ್ಕೆ ಟೇಪು ಹಿಡಿದು ಇಳಿಯುವ ಅಗತ್ಯವಿಲ್ಲ. ದೆಹಲಿಯನ್ನು ಮೀರಿಸಬೇಕೆಂಬ ಹಟ ಇಲ್ಲಿ ನಿಂತವರಿಗೆ ಬರಿಗಣ್ಣಿಗೇ ಕಾಣುತ್ತದೆ.

ಒಳಗೆ ಪ್ರಾರ್ಥನಾ ಮಂದಿರಕ್ಕೆ ಹೋಗುವಾಗ ಎಣಿಸುತ್ತ ಹೋಗಿ. ಎಣಿಸುವುದು ಮಕ್ಕಳಾಟವೆನ್ನಿಸಬಹುದು, ಆದರೆ ಕಟ್ಟಡದ ಹೊಂದಾಣಿಕೆಯನ್ನು ಹಿಡಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಎದುರಿನಲ್ಲಿ ಅಂಚುಗಳು ಎಸಳೆಸಳಾಗಿ ಮಡಿಚಿಕೊಂಡಿರುವ ಒಂಬತ್ತು ಕಮಾನು ದ್ವಾರಗಳಿವೆ. ಒಳಗಿನ ಕಂಬಗಳು ಮೇಲೆ ಕಮಾನುಗಳಾಗಿ ಕೂಡಿಕೊಂಡು ಚಾವಣಿಯನ್ನು 27 ಅಂಕಣಗಳಾಗಿ ಹಂಚಿಕೊಳ್ಳುತ್ತವೆ. ಅವುಗಳಲ್ಲಿ 16ಕ್ಕೆ ಅರಳಿದ ಹೂವಿನ ದಳಗಳಂತಹ ಅಲಂಕಾರವಿದೆ, ಉಳಿದವು ಸರಳ. ನಮಾಜಿನ ದಿಕ್ಕು ತೋರುವ ಪಶ್ಚಿಮದ ಕಿಬ್ಲಾ ಗೋಡೆಯಲ್ಲಿ ಹನ್ನೊಂದು ಕಮಾನಿನ ಗೂಡುಗಳನ್ನು ಕೊರೆದಿದ್ದಾರೆ. ಇಮಾಮರು ಖುತ್ಬಾ, ಅಂದರೆ ಪ್ರವಚನ, ಓದಲು ಹತ್ತಿ ನಿಲ್ಲುವ ಮಿಂಬರ್ ಮಾತ್ರ ಕಪ್ಪು ಕಲ್ಲಿನದು, ಬಸಾಲ್ಟ್. ಸುತ್ತಲಿನ ನಸುಬಣ್ಣಗಳ ನಡುವೆ ಆ ಕಪ್ಪು ಎದ್ದು ಕಾಣುತ್ತದೆ. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುವುದಕ್ಕಿಂತ ಕಂಬವೊಂದಕ್ಕೆ ಒರಗಿ ಕುಳಿತು, ಒಂದು ಅಂಕಣವನ್ನಷ್ಟೇ ಆರಿಸಿಕೊಂಡು ನೋಡುವುದು ಒಳ್ಳೆಯದು: ಚೌಕಾಕಾರದ ತಳದ ಮೇಲೆ ದುಂಡಗಿನ ಚಾವಣಿಯನ್ನು ಕೂರಿಸಲು ನಾಲ್ಕು ಮೂಲೆಗಳಿಗೂ ಅಡ್ಡವಾಗಿ ಚಿಕ್ಕ ಕಮಾನುಗಳನ್ನು ಎಸೆದಿದ್ದಾರೆ, ನಾಲ್ಕು ಮೂಲೆ ಎಂಟಾಗಿದೆ, ಎಂಟು ವೃತ್ತಕ್ಕೆ ತಿರುಗಿದೆ. ನಾನು ಹಾಗೆ ಕುಳಿತಿದ್ದಾಗ ಪಕ್ಕದ ಕಂಬದ ಬುಡದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಮೈಯನ್ನು ಹಿಂದೆ ಮುಂದೆ ತೂಗುತ್ತ ಕುರ್‌ಆನಿನ ಒಂದೇ ಸಾಲನ್ನು ಬಾಯಿಪಾಠ ಮಾಡುತ್ತಿದ್ದ. ಎಡವಿದಲ್ಲೆಲ್ಲ ಬೆರಳನ್ನು ಸಾಲಿನ ಮೊದಲಿಗೆ ತಂದು ಮತ್ತೆ ಹೊರಡುತ್ತಿದ್ದ. ಇಲ್ಲಿನ ದಾರುಲ್ ಉಲೂಮ್ ಮದರಸಾದ ಮಕ್ಕಳು ಹೀಗೆ ಅಲ್ಲಲ್ಲಿ ಕುಳಿತಿರುತ್ತಾರೆ. ಅವರ ಫೋಟೋ ತೆಗೆಯುವ ಮುನ್ನ ಅವರ ಉಸ್ತಾದರನ್ನು ಕೇಳಿ.

ಇನ್ನು ಬಹುತೇಕ ಪ್ರವಾಸಿಗರು ನೋಡದೆ ಬರುವ ಭಾಗವೊಂದಿದೆ, ನನ್ನ ಮಟ್ಟಿಗೆ ಇಡಿಯ ಮಸೀದಿಯ ಸ್ವಾರಸ್ಯ ಅದರಲ್ಲೇ ಇದೆ. ಪ್ರಾರ್ಥನಾ ಮಂದಿರದಲ್ಲಿ ಹೆಂಗಸರಿಗೆಂದೇ ಕಟ್ಟಿದ ಜನಾನಾ ಗ್ಯಾಲರಿಯಿದೆ. ಅಲ್ಲಿನವರನ್ನು ಕೇಳಿದರೆ ತೋರಿಸುತ್ತಾರೆ. ಹೆಂಗಸರು ಮನೆಯಲ್ಲೇ ನಮಾಜು ಮಾಡುವ ವಾಡಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, ಊರಿನ ಅತಿ ದೊಡ್ಡ ಮಸೀದಿಯ ನಕ್ಷೆಯಲ್ಲೇ ಹೆಂಗಸರ ಜಾಗವನ್ನು ಸೇರಿಸಬೇಕೆಂದು ಹೇಳಲು ಆಳುವವಳು ಹೆಂಗಸಾಗಿರಬೇಕಾಯಿತು. ಆದರೆ ಆ ಆಳುವವಳೇ ಪರದೆಯಲ್ಲಿದ್ದವಳು. ಆದ್ದರಿಂದ ಆ ಜಾಗ ಮರೆಯಲ್ಲಿದೆ. ‘ಜರ್ದಾ, ಗರ್ದಾ, ಪರ್ದಾ’ ಎಂದು ಭೋಪಾಲದ ಖ್ಯಾತಿಯನ್ನು ಮೂರು ಮಾತಿನಲ್ಲಿ ಹೇಳುವುದುಂಟು, ಅಂದರೆ ತಂಬಾಕು, ಧೂಳು, ಪರದೆ. ಮೂರನೆಯದು ಇಲ್ಲಿ ಕಲ್ಲಿನ ರೂಪದಲ್ಲಿ ಸಿಗುತ್ತದೆ. ಮೊದಲು ಗ್ಯಾಲರಿಯ ಕಡೆಯಿಂದ ಮಂದಿರವನ್ನು ನೋಡಿ, ಅನಂತರ ಮಂದಿರದ ನಡುವೆ ನಿಂತು ಗ್ಯಾಲರಿಯ ಕಡೆ ನೋಡಿ. ಎರಡು ನೋಟಗಳೂ ಸಮನಲ್ಲ, ಸಮನಾಗಿರಬಾರದೆಂದೇ ಅದನ್ನು ಹಾಗೆ ಕಟ್ಟಿದ್ದು.

ಬೇಗಂ ಈ ಮಸೀದಿ ಪೂರ್ತಿಯಾದುದನ್ನು ನೋಡಲಿಲ್ಲ. ಬಾಯಿಯ ಕ್ಯಾನ್ಸರಿನಿಂದ ನರಳಿ 1901ರ ಜೂನ್ 16ರಂದು ತೀರಿಕೊಂಡಳು. ಕೊನೆಗಾಲದಲ್ಲಿ, ತನ್ನಿಂದ ಯಾರಿಗಾದರೂ ಅನ್ಯಾಯವಾಗಿದ್ದರೆ ಕ್ಷಮಿಸಬೇಕೆಂದು ಪ್ರಜೆಗಳಲ್ಲಿ ಕೇಳಿಕೊಂಡಿದ್ದಳು. ಹಣವಿಲ್ಲದೆ ಕೆಲಸ ನಿಂತಿತು, ದಶಕಗಳ ಕಾಲ ಹಾಗೆಯೇ ಉಳಿಯಿತು. ವಿಜಯಪುರದ ಜಾಮಿಯಾ ಮಸೀದಿಯೂ ಕಟ್ಟಿಸಿದವರ ಕಾಲದಲ್ಲಿ ಪೂರ್ತಿಯಾಗಲಿಲ್ಲ, ಅದು ಇಂದಿಗೂ ಅಪೂರ್ಣವಾಗಿಯೇ ಇದೆ; ಭೋಪಾಲದ್ದು ಮಾತ್ರ ನವಾಬಿಯೇ ಇಲ್ಲವಾದ ಮೇಲೆ ಮತ್ತೆ ಚಿಗುರಿತು. ಮೌಲಾನಾ ಇಮ್ರಾನ್ ಖಾನ್ ನದ್ವಿ ಅವರ ಮುಂದಾಳುತನದಲ್ಲಿ 1971ರಲ್ಲಿ ಕೆಲಸ ಮತ್ತೆ ಆರಂಭವಾಗಿ 1985ರಲ್ಲಿ ಮುಗಿಯಿತು. ಆ ಇಸವಿಯ ಹಿಂದಿನ ಡಿಸೆಂಬರಿನಲ್ಲೇ ಇದೇ ಹಳೆಯ ಊರಿನ ಮೇಲೆ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ವಿಷಾನಿಲ ಹರಿದಿತ್ತೆಂಬುದು ಅಂಗಳದಲ್ಲಿ ನಿಂತಾಗ ನೆನಪಿಗೆ ಬರದೆ ಇರದು.

ಹೀಗಾಗಿ ನೀವು ನೋಡುತ್ತಿರುವುದು ಎರಡು ಕಾಲದ ಕೆಲಸ. ಯಾವುದು ಯಾವ ಕಾಲದ್ದೆಂದು ಊಹಿಸಲು ಪೂರ್ವದ ಹೆಬ್ಬಾಗಿಲಿನಿಂದ ತೊಡಗಿ. ಅದರ ಈಗಿನ ಅಲಂಕಾರ ಈಚಿನದು. ಕುವೈತಿನ ಅಮೀರರು ತೀರಿಕೊಂಡ ತಮ್ಮ ಪತ್ನಿಯ ನೆನಪಿಗೆಂದು, ಸಿರಿಯಾದ ಹಳೆಯ ಮಸೀದಿಗಳ ಚಿತ್ತಾರಗಳನ್ನು ಅನುಸರಿಸಿ ಮಾಡಿಸಿಕೊಟ್ಟದ್ದು. ಆ ಕೆತ್ತನೆಯ ಅಂಚನ್ನು ಹತ್ತಿರದಿಂದ ನೋಡಿ, ಬಳ್ಳಿಯ ಬಾಗು, ಕಲ್ಲಿನ ಬಣ್ಣ, ಉಳಿಯ ಹರಿತವನ್ನು ಗುರುತಿಟ್ಟುಕೊಂಡು ಒಳಗಿನ ಕಂಬಗಳ ಬಳಿಗೆ ಹೋಗಿ. ಮಳೆ ಗಾಳಿಗೆ ಮೊಂಡಾದ ಅಂಚು ಎಲ್ಲಿ, ಹೊಸದಾಗಿ ಕೊರೆದ ಅಂಚು ಎಲ್ಲಿ ಎಂಬುದು ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೆ ಹತ್ತುತ್ತದೆ.

ಗೈಡುಗಳ ಮಾತನ್ನು ಕೇಳಿ, ಆದರೆ ಇಸವಿಗಳನ್ನು ನೀವೇ ತಾಳೆ ನೋಡಿ. ಈ ಮಸೀದಿಯ ಕೆಲಸ ಮೊಗಲ ಬಾದಶಹ ಬಹಾದುರ್ ಷಾ ಜಫರನ ಕಾಲದಲ್ಲಿ ಆರಂಭವಾಯಿತೆಂಬ ಮಾತು ಎಲ್ಲೆಡೆ ಹರಿದಾಡುತ್ತದೆ. ಆತನನ್ನು ಬ್ರಿಟಿಷರು 1858ರಲ್ಲಿ ರಂಗೂನಿಗೆ ಗಡೀಪಾರು ಮಾಡಿದ್ದರು, 1862ರಲ್ಲಿ ಅಲ್ಲಿಯೇ ತೀರಿಕೊಂಡ. ಶಾಹಜಹಾನ್ ಬೇಗಮಳಿಗೆ ಖಜಾನೆಯ ಪೂರ್ತಿ ಅಧಿಕಾರ ಸಿಕ್ಕಿದ್ದು 1868ರಲ್ಲಿ. ಲೆಕ್ಕ ಕೂಡುವುದಿಲ್ಲ. ನೆಲಕ್ಕೆ ಹಾಸಲೆಂದು ಬೇಗಂ ವಿಲಾಯತಿಯಿಂದ ಸ್ಫಟಿಕದ ಹಲಗೆಗಳನ್ನು ತರಿಸಿದಳು, ನಮಾಜು ಮಾಡುವವರಿಗೆ ತಮ್ಮದೇ ಪ್ರತಿಬಿಂಬ ಕಾಣುವುದೆಂದು ಧರ್ಮಪಂಡಿತರಾದ ಉಲೇಮಾಗಳು ಬೇಡವೆಂದರು ಎಂಬ ಕಥೆಯನ್ನೂ ಹೇಳುತ್ತಾರೆ. ಕಥೆಯೆಂದೇ ಅದನ್ನು ಕೇಳಿಕೊಳ್ಳಬಹುದು. ಆಕೆಯ ಸ್ವಭಾವಕ್ಕಂತೂ ಅದು ಒಪ್ಪುತ್ತದೆ. ವರ್ಷಕ್ಕೊಮ್ಮೆ ನಡೆಯುವ ತಬ್ಲೀಗಿ ಇಜ್ತಿಮಾ ಎಂಬ ಧಾರ್ಮಿಕ ಸಮಾವೇಶವನ್ನು ಇಲ್ಲಿಯೇ ನೋಡಬಹುದೆಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. ಜನಸಂದಣಿ ಈ ಅಂಗಳಕ್ಕೂ ಮೀರಿದ್ದರಿಂದ ಅದು ಊರಾಚೆಯ ಈಂಟ್‌ಖೇಡಿಗೆ ಹೋಗಿ ಬಹಳ ವರ್ಷಗಳಾದವು.

ಜುಹರ್ ಅಜಾನಿಗೆ ಮುನ್ನ ಹೊರಗೆ ಬಂದು ಮೋತಿಯಾ ತಲಾಬಿನ ದಂಡೆಗೆ ಹೋಗಿ. ಬೇಗಂ ತನ್ನ ಹೊಸ ಬಡಾವಣೆಯನ್ನು ಕೆರೆಗಳ ಸಾಲಿನ ಸುತ್ತ ಬೆಳೆಸಿದಳು. ಅವುಗಳಲ್ಲೊಂದಕ್ಕೆ ಎರಡನೆಯ ಗಂಡ ಸಿದ್ದೀಕ್ ಹಸನನ ಹೆಸರಿದೆ. ನೀರಿನಾಚೆಯಿಂದ ನೋಡಿದಾಗ ಮಸೀದಿ ಅರಮನೆಯ ನೆರೆಮನೆಯೆಂಬುದು ಸ್ಪಷ್ಟವಾಗುತ್ತದೆ. 1871ರಿಂದ 1884ರವರೆಗೆ ಕಟ್ಟಿಸಿದ ಆ ತಾಜ್ ಮಹಲಿನಲ್ಲಿ ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಕೆಲವು ವರ್ಷ ನೆಲೆಸಿದ್ದರು, ಆಮೇಲೆ ಬೈರಾಗಢಕ್ಕೆ ಹೋದರು. ಪಾಳುಬಿದ್ದ ಭಾಗಗಳೊಳಗೆ ತಲೆಹಾಕದೆ ಹೆಬ್ಬಾಗಿಲನ್ನು ಹೊರಗಿನಿಂದಲೇ ನೋಡಿದರೆ ಸಾಕು.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಭೋಪಾಲ ದೂರವಾಯಿತೆನ್ನಿಸಿದರೆ, ಈ ಬೇಗಮಳ ಹೆಸರಿನದೇ ಇನ್ನೊಂದು ಮಸೀದಿ ಹತ್ತಿರದಲ್ಲಿದೆ. ಸರ್ರೆ ಪ್ರಾಂತದ ವೋಕಿಂಗ್ ಪಟ್ಟಣದಲ್ಲಿ ಲೈಟ್ನರ್ ಎಂಬ ವಿದ್ವಾಂಸ 1889ರಲ್ಲಿ ಕಟ್ಟಿಸಿದ ಶಾಹಜಹಾನ್ ಮಸೀದಿಗೆ ಆಕೆ ಹಣ ಕೊಟ್ಟಿದ್ದಳು. ಮಸೀದಿಯೆಂದೇ ಕಟ್ಟಿದ ಬ್ರಿಟನ್ನಿನ ಕಟ್ಟಡಗಳಲ್ಲಿ ಅತಿ ಹಳೆಯದೆಂದು ಅದಕ್ಕೆ ಮನ್ನಣೆಯಿದೆ. ಭೋಪಾಲದ್ದಕ್ಕಿಂತ ತೊಂಬತ್ತಾರು ವರ್ಷ ಮೊದಲೇ ಪೂರ್ತಿಯಾದ ಅದು ಬಹಳ ಚಿಕ್ಕದು, ಒಂದೇ ಗುಮ್ಮಟದ್ದು. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಹೋಗಿ ಅರ್ಧ ದಿನದೊಳಗೆ ನೋಡಿ ಬರಬಹುದು. ಅಲ್ಲಿಗೂ ಶುಕ್ರವಾರ ಬೇಡ.